ಹಾಡಿನ ಹಿಂದಿನ ಸಪ್ಪಳ

ನನ್ನ ಸಂಗ್ರಹದಲ್ಲಿ 11 ಸೆಕೆಂಡಿನ ಒಂದು ತುಣುಕಿದೆ. ರೇಡಿಯೋದಲ್ಲಿ ಹವಾಮಾನ ವರದಿ ಓದುತ್ತಿರುವ ಹೆಂಗಸಿನ ದನಿ. ಒಂದು ವಾಕ್ಯ ಮುಗಿಯುತ್ತದೆ, ಹಾಳೆ ಮಗುಚುವ ಸದ್ದು ಬರುತ್ತದೆ, ಮುಂದಿನ ವಾಕ್ಯ ಬರುವುದಿಲ್ಲ. ಇನ್ನೊಮ್ಮೆ ಹಾಳೆ ಸರಿಯುತ್ತದೆ. ಆಮೇಲೆ ಒಂದು ಉಸಿರು, ಮೂಗಿನಿಂದ ಒಳಗೆಳೆದುಕೊಂಡದ್ದು, ಮೈಕಿಗೆ ತೀರಾ ಹತ್ತಿರದಲ್ಲಿ. ನಂತರ ಏನೂ ಆಗಿಲ್ಲವೆಂಬಂತೆ ಓದು ಮುಂದುವರಿಯುತ್ತದೆ. ಎರಡು ಹಾಳೆಗಳು ಅಂಟಿಕೊಂಡಿದ್ದಿರಬೇಕು. ಅಂದು ಮಳೆ ಬರುತ್ತದೆಂದು ಹೇಳಿದರೋ ಇಲ್ಲವೋ ನೆನಪಿಲ್ಲ. ತುಣುಕಿನಲ್ಲಿ ಆ ಭಾಗವೇ ಇಲ್ಲ. ಆದರೆ ಆ ಉಸಿರನ್ನು ನಾನು ಎಷ್ಟು ಸಲ ಕೇಳಿದ್ದೇನೋ. ದಿನವೂ ಕೇಳುತ್ತಿದ್ದ ಆ ದನಿಗೆ ಒಂದು ಎದೆಯಿದೆ, ಕೈಗಳಿವೆ, ಆ ಕೈಗಳು ಗಾಬರಿಯಲ್ಲಿ ತಡವರಿಸುತ್ತವೆ ಎಂದು ನನಗೆ ತಿಳಿದದ್ದು ಆಗಲೇ.

ಇಂಥವನ್ನೇ ನಾನು ಕೂಡಿಡುತ್ತೇನೆ. ರೇಡಿಯೋದಿಂದ, ಹಳೆಯ ಕ್ಯಾಸೆಟ್‌ಗಳಿಂದ, ಬಸ್ಸಿನ ಕಿಟಕಿಯಿಂದ, ಆಸ್ಪತ್ರೆಯ ಮೊಗಸಾಲೆಯಿಂದ, ಶಾಲೆ ಬಿಟ್ಟ ಮೇಲಿನ ಖಾಲಿ ತರಗತಿಯಿಂದ. ಯಾರೂ ಕೇಳಲಿ ಎಂದು ಮಾಡದ ಸದ್ದುಗಳು, ಅಥವಾ ಬೇರೇನನ್ನೋ ಕೇಳಿಸಲು ಹೊರಟಾಗ ಜೊತೆಗೆ ನುಸುಳಿ ಬಂದವು. ಹೆಚ್ಚಿನವು ಅರ್ಧ ನಿಮಿಷಕ್ಕಿಂತ ಚಿಕ್ಕವು.

ಚಿಕ್ಕಂದಿನಲ್ಲಿ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿದವರಿಗೆ ಇದರ ಬೇರು ಎಲ್ಲಿದೆಯೆಂದು ಗೊತ್ತಿರುತ್ತದೆ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಒತ್ತುವ ಮೊದಲು ಮನೆಯವರೆಲ್ಲ ಬಾಯಿ ಮುಚ್ಚಬೇಕು. ನಾನು ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಗದರಿಸುತ್ತಾ ಕೂರುತ್ತಿದ್ದೆ. ಆದರೂ ಯಾರೋ ಕೆಮ್ಮುತ್ತಿದ್ದರು. ಯಾರೋ ಕುರ್ಚಿ ಎಳೆಯುತ್ತಿದ್ದರು. ಅಮ್ಮ ಒಳಗಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದರು, ಪಲ್ಲವಿಯ ಮೇಲೆಯೇ. ಹಾಡು ಮುಗಿಯುವ ಮೊದಲೇ ಉದ್ಘೋಷಕರು ಮಾತು ಶುರುಮಾಡಿಬಿಡುತ್ತಿದ್ದರು. ಇವೆಲ್ಲ ನನಗೆ ಹಾಡಿಗೆ ಅಂಟಿದ ಕೊಳೆ. ಒಂದು ಹಾಡಿನ ಮೇಲೆ ಅಮ್ಮನ ಕೂಗು ಬಿದ್ದದ್ದಕ್ಕೆ ಅತ್ತು, ಅದನ್ನು ಅಳಿಸಿ, ಮತ್ತೆ ಆ ಹಾಡು ಬರುವವರೆಗೆ ವಾರಗಟ್ಟಲೆ ಕಾದಿದ್ದೆ. ಹಾಗೆ ಕಾದು ಪಡೆದ ಶುದ್ಧವಾದ ಹಾಡು ಇವತ್ತು ಯಾರ ಮೊಬೈಲಿನಲ್ಲಿ ಬೇಕಾದರೂ ಇದೆ, ನನ್ನದಕ್ಕಿಂತ ನೂರು ಪಾಲು ಚೆನ್ನಾಗಿ. ಅಳಿಸಿದ್ದು ಮಾತ್ರ ಎಲ್ಲೂ ಇಲ್ಲ.

ಧ್ವನಿಮುದ್ರಣದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ತುಣುಕೂ ಹೀಗೆ ನುಸುಳಿದ್ದೇ. ಬಿಬಿಸಿ 1924ರಿಂದ ಇಂಗ್ಲೆಂಡಿನ ಸರ್‍ರೆಯ ಒಂದು ತೋಟದಿಂದ ನೈಟಿಂಗೇಲ್ ಹಕ್ಕಿಯ ಹಾಡನ್ನು ನೇರವಾಗಿ ಪ್ರಸಾರ ಮಾಡುತ್ತಿತ್ತು. ಯುದ್ಧ ಶುರುವಾದ ಮೇಲೂ ಅದು ನಿಂತಿರಲಿಲ್ಲ. 1942ರ ಮೇ 19ರ ರಾತ್ರಿ ಮೈಕುಗಳನ್ನು ಹೂಡಿ ಕಾದಿದ್ದಾಗ ಹಕ್ಕಿಯ ದನಿಯ ಹಿಂದೆ ಒಂದು ಗುಂಯ್ ಶುರುವಾಯಿತು. ಜರ್ಮನಿಯ ಮನ್‌ಹೈಮ್ ಮೇಲೆ ಬಾಂಬು ಹಾಕಲು ಹೊರಟಿದ್ದ 197 ವಿಮಾನಗಳು ಆ ತೋಟದ ಮೇಲೆಯೇ ಹಾದುಹೋಗುತ್ತಿದ್ದವು. ಈ ಸದ್ದು ಪ್ರಸಾರವಾದರೆ ದಾಳಿಯ ಸುಳಿವು ಶತ್ರುವಿಗೆ ಸಿಗುತ್ತದೆಂದು ಹೊಳೆದ ಎಂಜಿನಿಯರ್ ಪ್ರಸಾರವನ್ನು ಕಡಿದರು. ಮುದ್ರಣ ಮಾತ್ರ ನಡೆದೇ ಇತ್ತು. ಇಂದು ಅದನ್ನು ಕೇಳಬಹುದು. ಗುಂಯ್ ಎನ್ನುವುದು ನಿಧಾನವಾಗಿ ಮೊರೆತವಾಗಿ ಬೆಳೆಯುತ್ತದೆ, ಆಕಾಶವನ್ನೆಲ್ಲ ತುಂಬುತ್ತದೆ, ದೂರ ಸರಿಯುತ್ತದೆ. ಹಕ್ಕಿ ಹಾಡುತ್ತಲೇ ಇರುತ್ತದೆ. ನೈಟಿಂಗೇಲಿನ ಹಾಡನ್ನಷ್ಟೇ ಬಯಸಿದ್ದವರ ಕಣ್ಣಲ್ಲಿ ಅದು ಕೆಟ್ಟುಹೋದ ಮುದ್ರಣ. ಆ ಗುಂಯ್‌ಗುಡುವಿಕೆ ಇಲ್ಲದಿದ್ದರೆ ಎಂಬತ್ತು ವರ್ಷಗಳ ನಂತರ ನಾನು ಅದನ್ನು ಕೇಳುತ್ತಲೇ ಇರಲಿಲ್ಲ.

ರಾತ್ರಿ ರೇಡಿಯೋ ಕೇಳುವ ಅಭ್ಯಾಸ ನನಗೆ ಈಗಲೂ ಇದೆ. ಹಗಲಿನಲ್ಲಿ ಮೀಡಿಯಂ ವೇವ್‌ನಲ್ಲಿ ಹತ್ತಿರದ ಕೇಂದ್ರಗಳಷ್ಟೇ ಸಿಗುತ್ತವೆ. ಬಿಸಿಲಿರುವಷ್ಟು ಹೊತ್ತು ವಾತಾವರಣದ ಮೇಲಿನ ಅಯಾನುಗೋಳದ ಕೆಳಪದರ ಆ ತರಂಗಗಳನ್ನು ಹೀರಿಕೊಳ್ಳುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗಿಹೋಗಿ, ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ನೆಲಕ್ಕಿಳಿಯುತ್ತವೆ. ಹಾಗಾಗಿ ರಾತ್ರಿ ಹನ್ನೊಂದರ ನಂತರ ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿದರೂ ಬೇರೊಂದು ಊರು ಸಿಗುತ್ತದೆ. ಭಾಷೆ ತಿಳಿಯುವುದಿಲ್ಲ. ಯಾರೋ ಯಾರಿಗೋ ಏನನ್ನೋ ಬೇಸರದಿಂದ ಓದಿ ಹೇಳುತ್ತಿರುತ್ತಾರೆ, ದನಿ ಉಬ್ಬರದಂತೆ ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಒಂದೇ ತರಂಗ ಬೇರೆ ಬೇರೆ ದಾರಿಯಲ್ಲಿ ಬಂದು ತನ್ನನ್ನು ತಾನೇ ಸೇರುವಾಗ ಒಮ್ಮೆ ಬಲಗೊಂಡು ಒಮ್ಮೆ ಅಳಿಸಿಹೋಗುವುದರಿಂದ ಈ ಏರಿಳಿತ. ನಡುನಡುವೆ ಬರುವ ಚಿಟ್ ಚಿಟ್ ಎಲ್ಲೋ ಬಹುದೂರದಲ್ಲಿ ಹೊಡೆದ ಮಿಂಚಿನದು. ಆ ಮಿಂಚನ್ನು ನಾನು ಕಾಣೆ, ಅದರ ಗುಡುಗು ನನ್ನನ್ನು ತಲುಪದು. ಆದರೆ ಅದರ ಗುರುತು ನನ್ನ ಬಳಿ ದಿನಾಂಕದ ಸಮೇತ ಇದೆ. ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ.

ಶಾರ್ಟ್‌ವೇವ್‌ನಲ್ಲಿ ಅಂಕಿ ಓದುವ ಕೇಂದ್ರಗಳೂ ಇದ್ದವು, ಕೆಲವು ಇನ್ನೂ ಇವೆ. ಹೆಸರಿಲ್ಲ, ಊರಿಲ್ಲ. ಒಂದು ಕೇಂದ್ರ ಇಂಗ್ಲಿಷ್ ಜನಪದ ಹಾಡೊಂದರ ಒಂದೆರಡು ಸಾಲಿನ ಧಾಟಿ ನುಡಿಸಿ, ನಂತರ ಹೆಂಗಸಿನ ದನಿಯಲ್ಲಿ ಐದೈದು ಅಂಕಿಗಳ ಗುಂಪುಗಳನ್ನು ಓದುತ್ತಿತ್ತು. ಗೂಢಚಾರರಿಗೆ ಕಳಿಸುವ ಸಂದೇಶಗಳು. ಸಂಕೇತದ ಕೀಲಿ ಇದ್ದವನೊಬ್ಬನಿಗೆ ಬಿಟ್ಟು ಜಗತ್ತಿನ ಉಳಿದವರಿಗೆಲ್ಲ ಬರಿಯ ಅಂಕಿ. ಹವ್ಯಾಸಿಗಳು ಹಿಡಿದಿಟ್ಟ ಇಂಥ ಮುದ್ರಣಗಳನ್ನು ಸೇರಿಸಿ 1997ರಲ್ಲಿ ಲಂಡನ್ನಿನ ಇರ್ಡಿಯಲ್ ಎಂಬ ಪುಟ್ಟ ಸಂಸ್ಥೆ 'ಕಾನೆಟ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ನಾಲ್ಕು ಸಿ.ಡಿ.ಗಳನ್ನು ಹೊರತಂದಿತು. ಅದನ್ನು ಕೇಳುವಾಗ ನನ್ನ ಮನಸ್ಸು ಗೂಢಚಾರನ ಕಡೆಗೆ ಹೋಗುವುದಿಲ್ಲ. ರಾತ್ರಿಗಟ್ಟಲೆ ಕೂತು, ಅರ್ಥವಾಗದ ಅಂಕಿಗಳನ್ನು ಹಿಡಿದು, ಸಮಯ ಮತ್ತು ತರಂಗಾಂತರ ಬರೆದಿಟ್ಟ ಆ ಹವ್ಯಾಸಿಗಳ ಕಡೆಗೆ ಹೋಗುತ್ತದೆ. ಕಳಿಸಿದವರು ಉಳಿಸಲಿಲ್ಲ, ಪಡೆದವನು ಸುಟ್ಟಿರಬೇಕು. ಉಳಿಸಿದವರು ಇವರು, ಆ ಸಂದೇಶದಿಂದ ಏನೂ ಆಗಬೇಕಿರದವರು.

ಸಿಕ್ಕಿದ್ದಕ್ಕೆ ಹೆಸರಿಡುವುದು ನನಗೆ ಹಿಡಿಯುವುದಕ್ಕಿಂತ ಹೆಚ್ಚು ಇಷ್ಟದ ಕೆಲಸ. ಯಂತ್ರವೇ ಕೊಡುವ ಅಂಕಿಗಳ ಹೆಸರನ್ನು ನಾನು ಎಂದೂ ಹಾಗೆಯೇ ಬಿಡುವುದಿಲ್ಲ. ಇಲ್ಲಿ ಕನ್ನಡ ಕೊಡುವ ನೆರವು ದೊಡ್ಡದು. 'ಸದ್ದು ಮಾಡಬೇಡ' ಎಂದರೆ ಮಾತು ನಿಲ್ಲಿಸು ಎಂದಾಗಬಹುದು, 'ಸಪ್ಪಳ ಮಾಡಬೇಡ' ಎಂದರೆ ಕಾಲು ಮೆತ್ತಗಿಡು ಎಂದೇ. ದನಿ ಕೊರಳಿನದು. ಗದ್ದಲದಲ್ಲಿ ಯಾರದು ಯಾವುದೆಂದು ಬಿಡಿಸಲಾಗದು. ಇನ್ನು ಅನುಕರಣಾವ್ಯಯಗಳಂತೂ ವ್ಯಾಕರಣದ ಪುಸ್ತಕದಲ್ಲಿ ಅರ್ಧ ಪುಟಕ್ಕೆ ಮುಗಿದುಹೋಗುತ್ತವೆ, ನನ್ನ ಪಟ್ಟಿಯಲ್ಲಿ ಅವು ಮುಗಿಯುವುದೇ ಇಲ್ಲ. ಜಿಟಿಜಿಟಿ ಮಳೆ ಬೇರೆ, ಪಟಪಟ ಮಳೆ ಬೇರೆ, ಧೋ ಎನ್ನುವುದು ಬೇರೆ. ನಲ್ಲಿಯಿಂದ ತೊಟತೊಟ, ಕೊಡದಿಂದ ಗಳಗಳ, ಗಂಟಲಲ್ಲಿ ಗಟಗಟ. ಬಾಗಿಲು ಕಿರ್ರೆಂದರೆ ಯಾರೋ ನಿಧಾನವಾಗಿ ತೆರೆದರು, ದಢಾರೆಂದರೆ ಯಾರಿಗೋ ಸಿಟ್ಟು ಬಂದಿದೆ. ಒಂದು ಕಡತದ ಹೆಸರಿನಲ್ಲಿ 'ದಢಾರ್' ಎಂದು ಬರೆದರೆ ಆ ಮಧ್ಯಾಹ್ನವೇ ಎದುರು ಬಂದು ನಿಲ್ಲುತ್ತದೆ.

ಸದ್ದಿಲ್ಲದ್ದಕ್ಕೂ ನಮ್ಮಲ್ಲಿ ಸದ್ದಿನ ಮಾತುಗಳಿವೆ. ಖಾಲಿ ಮನೆ ಬಿಕೋ ಎನ್ನುತ್ತದೆ. ಕತ್ತಲೆ ಗವ್ವೆನ್ನುತ್ತದೆ. ಇದನ್ನು ಬಳಕೆಗೆ ತಂದವರು ಯಾರೋ, ಬಲು ಸೂಕ್ಷ್ಮ ಕಿವಿಯವರು. ಖಾಲಿ ಕೋಣೆಗೆ ನಿಜವಾಗಿಯೂ ಒಂದು ದನಿಯಿದೆ. ಸಿನಿಮಾದ ಧ್ವನಿ ಹಿಡಿಯುವವರು ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಅಲುಗಾಡದಂತೆ ನಿಲ್ಲಿಸಿ ಅರ್ಧ ನಿಮಿಷ ಬರಿಯ ಕೋಣೆಯನ್ನು ಮುದ್ರಿಸಿಕೊಳ್ಳುತ್ತಾರೆ. ಸಂಕಲನದಲ್ಲಿ ಮಾತುಗಳ ನಡುವಿನ ಬಿರುಕಿಗೆ ತುಂಬಲು ಅದೇ ಕೋಣೆಯ ಮೌನ ಬೇಕು, ಬೇರೆ ಕೋಣೆಯದು ಹೊಂದುವುದಿಲ್ಲ. ನಾನೂ ಈಗ ಹಾಗೆ ಮಾಡುತ್ತೇನೆ. ಮನೆ ಬದಲಿಸುವ ಮುನ್ನ, ಸಾಮಾನೆಲ್ಲ ಹೋದ ಮೇಲೆ, ಪ್ರತಿ ಕೋಣೆಯಲ್ಲೂ ಒಂದು ನಿಮಿಷ.

ಆ ಮೌನದ ತಳದಲ್ಲಿ ಒಂದು ಸಣ್ಣ ಗುಂಗು ಇರುತ್ತದೆ, ವಿದ್ಯುತ್ತಿನದು. ಕೆಲವು ದೇಶಗಳಲ್ಲಿ ಸೆಕೆಂಡಿಗೆ 50 ಕಂಪನ, ಕೆಲವೆಡೆ 60. ಅದು ಸದಾ ಸರಿಯಾಗಿ ಅಷ್ಟೇ ಇರುವುದಿಲ್ಲ. ಬೇಡಿಕೆ ಏರಿದಂತೆ ಇಳಿದಂತೆ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಒಂದು ಜಾಲಕ್ಕೆ ಸೇರಿದ ಎಲ್ಲ ಮನೆಗಳಲ್ಲೂ ಆ ಅಲುಗಾಟ ಒಂದೇ. ಹಾಗಾಗಿ ಮುದ್ರಣದಲ್ಲಿನ ಗುಂಗಿನ ಅಲುಗಾಟವನ್ನು ಜಾಲದ ದಾಖಲೆಯೊಂದಿಗೆ ಹೋಲಿಸಿ ಅದು ಯಾವಾಗ ಮಾಡಿದ್ದೆಂದು ಅಪರಾಧ ತನಿಖೆಯ ಧ್ವನಿತಜ್ಞರು ಕಂಡುಹಿಡಿಯುತ್ತಾರೆ. ನಾವು ದಿನಾಂಕ ಬರೆಯಲು ಮರೆತರೂ ಗೋಡೆಯೊಳಗಿನ ತಂತಿ ಬರೆದಿಟ್ಟಿರುತ್ತದೆ. ಅಂಥ ಗುಂಗನ್ನು 'ಗಲೀಜು' ಎಂದು ಒರೆಸಿಹಾಕುವ ತಂತ್ರಾಂಶಗಳು ಇಂದು ಎಲ್ಲ ಮೊಬೈಲಿನಲ್ಲೂ ಇವೆ, ಕೇಳದೆಯೇ ಕೆಲಸ ಮಾಡುತ್ತವೆ. ಮಾತನ್ನು ಮುಂದೆ ತಂದು ಉಳಿದದ್ದನ್ನೆಲ್ಲ ಹಿಂದಕ್ಕೆ ತಳ್ಳುವುದೇ ಅವುಗಳ ಜಾಣತನ. ನನ್ನಂಥವರು ಮೊದಲು ಮಾಡಬೇಕಾದ್ದು ಆ ಜಾಣತನವನ್ನು ನಿಲ್ಲಿಸುವುದು. ಎಂಪಿ3ಗೆ ಇಳಿಸದೆ ಮೂಲವನ್ನು ವೇವ್ ಕಡತವಾಗಿಯೇ ಇಡುವುದು ಎರಡನೆಯದು. ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ಹೋಗುತ್ತದೆ, ಹೋಗಲಿ. ಕಿವಿಗೆ ಬೀಳದೆಂದು ಎಂಪಿ3 ಬಿಟ್ಟುಬಿಡುವುದರಲ್ಲಿ ನಾಳೆ ಯಾರಿಗೆ ಏನು ಬೇಕಾಗುತ್ತದೋ ಇಂದು ಹೇಳಲಾಗದು.

ತುಣುಕಿನ ಜೊತೆ ಬರೆದಿಡುವ ಟಿಪ್ಪಣಿಯ ವಿಷಯದಲ್ಲಿ ನಾನು ಇನ್ನೂ ಹೆಚ್ಚು ಹಟಮಾರಿ. ಪ್ಯಾರಿಸ್ಸಿನ ಎದುವಾರ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬುವವರು 1857ರಲ್ಲಿ, ಎಡಿಸನ್ನನ ಫೋನೋಗ್ರಾಫಿಗಿಂತ 20 ವರ್ಷ ಮೊದಲೇ, ದನಿಯನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದರು. ಅದನ್ನು ಮತ್ತೆ ಕೇಳಿಸುವ ಉದ್ದೇಶ ಅವರಿಗಿರಲಿಲ್ಲ. ದನಿಯನ್ನು ಕಣ್ಣಿನಿಂದ ಓದಬೇಕೆಂದಿದ್ದರು. 1860ರ ಏಪ್ರಿಲ್ 9ರಂದು ಒಂದು ಜನಪದ ಹಾಡಿನ ತುಣುಕು ಹಾಗೆ ಕಾಗದಕ್ಕಿಳಿಯಿತು. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಯನ್ನು ಕಂಪ್ಯೂಟರಿನಲ್ಲಿ ದನಿಯಾಗಿಸಿದಾಗ ಹುಡುಗಿಯೊಬ್ಬಳು ಹಾಡಿದಂತೆ ಕೇಳಿತು. ಮುಂದಿನ ವರ್ಷ ಗೊತ್ತಾಯಿತು, ಕೇಳಿಸಿದ್ದು ದುಪ್ಪಟ್ಟು ವೇಗದಲ್ಲಿ. ಸ್ಕಾಟ್ ಹಾಡಿನ ಪಕ್ಕದಲ್ಲೇ, ಸದಾ ಒಂದೇ ವೇಗದಲ್ಲಿ ಕಂಪಿಸುವ ಶ್ರುತಿಕವೆಯ ಕಂಪನವನ್ನೂ ಅಳತೆಗೋಲಿನಂತೆ ಬರೆದಿಟ್ಟಿದ್ದರು. ಅದರ ಲೆಕ್ಕವನ್ನು ಓದುವುದರಲ್ಲಿ ತಪ್ಪಾಗಿತ್ತು. ಸರಿಯಾದ ವೇಗದಲ್ಲಿ ಹುಡುಗಿ ಮಾಯವಾಗಿ ಒಬ್ಬ ಗಂಡಸು, ಬಹುಶಃ ಸ್ವತಃ ಸ್ಕಾಟ್, ನಿಧಾನವಾಗಿ ಎಚ್ಚರದಿಂದ ಹಾಡುತ್ತಿದ್ದರು. ಅಳತೆಗೋಲು ಜೊತೆಗಿದ್ದದ್ದರಿಂದ ಅವರು ತಮ್ಮ ಕೊರಳಿಗೆ ಮರಳಿದರು. ಇಲ್ಲದಿದ್ದರೆ ಇಂದಿಗೂ ಆ ಹುಡುಗಿಯೇ ಹಾಡುತ್ತಿರುತ್ತಿದ್ದಳು.

ಈ ಹವ್ಯಾಸದಲ್ಲಿ ನಾನು ಹಿರಿಯರೆಂದು ಭಾವಿಸುವವರು ನ್ಯೂಯಾರ್ಕಿನ ಟೋನಿ ಶ್ವಾರ್ಟ್ಸ್. ತೆರೆದ ಜಾಗಗಳಿಗೆ ಹೋಗಲು, ದೂರ ಪ್ರಯಾಣ ಮಾಡಲು ಅವರಿಗೆ ಭಯದ ಕಾಯಿಲೆಯಿತ್ತು. ಹಾಗಾಗಿ ಮನೆಯಿಂದ ನಡೆದುಹೋಗಬಹುದಾದಷ್ಟು ಜಾಗವನ್ನೇ, ತಮ್ಮ 19ನೇ ಅಂಚೆ ವಲಯವನ್ನೇ, ಹೆಗಲಿಗೆ ತೂಗಿಕೊಂಡ ಯಂತ್ರದಲ್ಲಿ ವರ್ಷಗಟ್ಟಲೆ ಮುದ್ರಿಸಿದರು. ಹಗ್ಗದಾಟ ಆಡುವ ಮಕ್ಕಳು, ಟ್ಯಾಕ್ಸಿ ಚಾಲಕರ ಮಾತು, ಬೀದಿಯಲ್ಲಿ ಮಾರುವವರ ಕೂಗು. ತಮ್ಮ ಸಂಬಂಧಿಕರ ಹೆಣ್ಣುಮಗುವಿನ ಮೊದಲ ಅಳುವಿನಿಂದ ಶುರುಮಾಡಿ ಹದಿಮೂರು ವರ್ಷ ಅವಳ ದನಿಯನ್ನು ಹಿಡಿದು, ಎಲ್ಲವನ್ನೂ ಎರಡು ಮೂರು ನಿಮಿಷಕ್ಕೆ ಸೇರಿಸಿದ ಮುದ್ರಣವೊಂದಿದೆ. ಕೇಳುತ್ತಾ ಕೇಳುತ್ತಾ ಆ ಮಗು ನಮ್ಮ ಕಿವಿಯಲ್ಲೇ ಬೆಳೆದುಬಿಡುತ್ತದೆ. 2008ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಸಂಗ್ರಹ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತ್ತು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೆ ಚಿನ್ನದ ಲೇಪದ ಧ್ವನಿತಟ್ಟೆ ಅಂಟಿಸಿ ಕಳಿಸಿದವರೂ ಹೀಗೆಯೇ ಯೋಚಿಸಿದ್ದರು ಎನ್ನುವುದು ನನಗೆ ಸಂತೋಷ: 55 ಭಾಷೆಗಳ ಶುಭಾಶಯದ ಜೊತೆಗೆ, ಅದರಲ್ಲಿ ಕನ್ನಡವೂ ಇದೆ, ಹೆಜ್ಜೆ ಸಪ್ಪಳ, ನಗು, ಕಪ್ಪೆ, ರೈಲು.

ಕೂಡಿಡುವುದು ಒಂದು, ಹಂಚುವುದು ಇನ್ನೊಂದು. ಮಳೆಯನ್ನು, ಬಾಗಿಲನ್ನು, ರೈಲನ್ನು ಹಂಚಲು ನನಗೆ ಯಾವ ಅಳುಕೂ ಇಲ್ಲ. ಬಾರ್ಸಿಲೋನಾದ ವಿಶ್ವವಿದ್ಯಾಲಯವೊಂದು 2005ರಲ್ಲಿ ಶುರುಮಾಡಿದ ಸದ್ದುಗಳ ಜಾಲತಾಣ ಫ್ರೀಸೌಂಡ್‌ನಲ್ಲಿ ಜಗತ್ತಿನ ಯಾರೋ ಇಟ್ಟ ಸದ್ದನ್ನು ಇನ್ಯಾರೋ ಷರತ್ತುಗಳಿಗೆ ಒಳಪಟ್ಟು ಬಳಸುತ್ತಾರೆ. ಅಂಥ ಕಡೆ ನನ್ನದೂ ಇರಲಿ. ಕೊರಳಿನ ವಿಷಯ ಹಾಗಲ್ಲ. ಇದನ್ನು ನಾನು ತಪ್ಪು ಮಾಡಿ ಕಲಿತೆ.

ಗೆಳತಿಯೊಬ್ಬಳು ಮನೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ಕ್ಯಾಸೆಟ್ ಕೊಟ್ಟಳು. ಹಾಡುಗಳಿವೆ, ಬೇಕಿದ್ದರೆ ಇಟ್ಟುಕೋ ಎಂದಳು. ಒಂದರಲ್ಲಿ ಹಾಡು ಅರ್ಧಕ್ಕೆ ಕಡಿದು, 48 ಸೆಕೆಂಡು ಬೇರೇನೋ ಇತ್ತು. ಗಂಡಸೊಬ್ಬರು ಮಗುವನ್ನು ಪದ್ಯ ಹೇಳೆಂದು ಪುಸಲಾಯಿಸುತ್ತಾರೆ. ಮಗು ಒಪ್ಪುವುದಿಲ್ಲ. "ಒಂದೇ ಸಲ, ಪುಟ್ಟೀ." ಇಲ್ಲ. ಕೊನೆಗೆ ಮಗು, ಬಹುಶಃ ಮೈಕಿನೊಳಗೆ ಇಣುಕಿ, "ಇದರೊಳಗೆ ಯಾರಿದ್ದಾರೆ?" ಎಂದು ಕೇಳುತ್ತದೆ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತಗುರುತು ಪಕ್ಕದ ಸುತ್ತಿಗೆ ಇಳಿಯುತ್ತದೆ. ಹಾಗಾಗಿ ಆ ಪ್ರಶ್ನೆ ಬರುವ ಒಂದು ಕ್ಷಣ ಮೊದಲೇ ಅದೇ ಪ್ರಶ್ನೆ ತೆಳ್ಳಗೆ, ಬಹಳ ದೂರದಿಂದ ಬಂದಂತೆ ಕೇಳುತ್ತದೆ. ನನಗೆ ಕಣ್ಣು ತುಂಬಿತು. ಇದೇ ಆಸಕ್ತಿಯ ಕೆಲವರಿಗೆ ಕಳಿಸಿದೆ. ಗೆಳತಿಯನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ವಾರದೊಳಗೆ ಯಾರೋ ಆ ಪ್ರಶ್ನೆಯನ್ನು ಕತ್ತರಿಸಿ, ತಾಳ ಸೇರಿಸಿ, ಮತ್ತೆ ಮತ್ತೆ ಬರುವಂತೆ ಮಾಡಿದ್ದರು. ಜನ ನಗುತ್ತಿದ್ದರು. ಮಗುವಿನ ದನಿ ಆಟಿಕೆಯಾಗಿತ್ತು. ನಾನು ಕಳಿಸಿದವರನ್ನೆಲ್ಲ ಬೇಡಿಕೊಂಡೆ, ಕೆಲವರು ತೆಗೆದರು.

ಆ ದಿನಗಳಲ್ಲಿ ನನ್ನ ತಲೆಯಲ್ಲಿದ್ದವರು ಇಂಗ್ಲೆಂಡಿನ ಸಂಗೀತಗಾರ ಗೆವಿನ್ ಬ್ರಯರ್ಸ್. 1971ರಲ್ಲಿ, ಲಂಡನ್ನಿನ ಮನೆಯಿಲ್ಲದವರ ಬಗ್ಗೆ ತೆಗೆದ ಚಿತ್ರವೊಂದಕ್ಕೆ ಬಳಸದೆ ಬಿಟ್ಟ ಟೇಪಿನಲ್ಲಿ ಅವರಿಗೆ ಒಬ್ಬ ಮುದುಕನ ಹಾಡು ಸಿಕ್ಕಿತು. ದೇವರ ಮೇಲಿನ ಕೆಲವೇ ಸಾಲು. ಅದನ್ನು ಸುತ್ತು ಸುತ್ತಾಗಿ ನುಡಿಯುವಂತೆ ನಕಲು ಮಾಡಲು ಹಚ್ಚಿ, ಬಾಗಿಲು ತೆರೆದಿಟ್ಟು ಅವರು ಕಾಫಿಗೆ ಹೋದರು. ಹಿಂದಿರುಗಿದಾಗ ಪಕ್ಕದ ಕೋಣೆಯಲ್ಲಿ ಸದಾ ಗಲಗಲ ಎನ್ನುತ್ತಿದ್ದವರು ಮೆತ್ತಗಾಗಿದ್ದರು, ಕೆಲವರು ಅಳುತ್ತಿದ್ದರು. ಬ್ರಯರ್ಸ್ ಆ ದನಿಯನ್ನು ಒಂದಿಷ್ಟೂ ತಿದ್ದಲಿಲ್ಲ. ಅದರ ಅಡಿಯಲ್ಲಿ ವಾದ್ಯಗಳನ್ನು ಒಂದೊಂದಾಗಿ, ಕೈಹಿಡಿದು ನಡೆಸುವಂತೆ, ಸೇರಿಸುತ್ತಾ ಹೋದರು. ಮುದುಕ ಅದನ್ನು ಕೇಳುವ ಮೊದಲೇ ತೀರಿಕೊಂಡಿದ್ದ. ಬ್ರಯರ್ಸ್ ಅವನಿಗೆ ಗೌರವವನ್ನೇ ಕೊಟ್ಟರು, ನನಗದರಲ್ಲಿ ಅನುಮಾನವಿಲ್ಲ. ಆದರೂ ಅವನು ಕೇಳಲಿಲ್ಲ ಎಂಬುದು ಎದೆಯಲ್ಲಿ ಮುಳ್ಳಿನಂತೆ ಇದೆ. ನನ್ನ ತುಣುಕಿನವರು ಬದುಕಿದ್ದರು, ಒಂದು ಫೋನಿನ ದೂರದಲ್ಲಿ. ನಾನು ಕೇಳಿರಲಿಲ್ಲ.

ಗೆಳತಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. "ಮೊದಲು ಹಾಕು, ಕೇಳೋಣ" ಎಂದಳು. ಮಗು ಅವಳ ಅಕ್ಕ, ಗಂಡಸು ಅವಳ ತಂದೆ. ಅವಳು ನಗುತ್ತಾಳೆ ಅಥವಾ ಅಳುತ್ತಾಳೆ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತಂದೆಯ ದನಿ ಬಂತು, ಅಕ್ಕನ ಪ್ರಶ್ನೆ ಬಂತು, ಅವಳು ಸುಮ್ಮನೆ ಕೂತಿದ್ದಳು, ಬೇರೇನನ್ನೋ ಆಲಿಸುವವಳ ಹಾಗೆ ತಲೆ ವಾಲಿಸಿಕೊಂಡು.

"ಹಿಂದಕ್ಕೆ ಹೋಗು. ಅವರಿಬ್ಬರ ಮಾತು ಬಿಡು. ಆ ಹಿಂದೆ, ದೂರದಲ್ಲಿ."

ನನ್ನ ಟಿಪ್ಪಣಿಯಲ್ಲಿ ಅದಕ್ಕೆ ನಾನು ಹೀಗೆ ಬರೆದಿದ್ದೆ: 'ಹಿನ್ನೆಲೆಯಲ್ಲಿ ಗಡಗಡ, ಬಿಟ್ಟು ಬಿಟ್ಟು, ಯಾವುದೆಂದು ತಿಳಿಯದು.' ದನಿಯನ್ನು ಏರಿಸಿದೆ. ಗಡಗಡಗಡ, ನಿಲುಗಡೆ, ಮತ್ತೆ ಗಡಗಡ.

"ಅಜ್ಜಿಯ ಹೊಲಿಗೆ ಯಂತ್ರ" ಎಂದಳು. "ನಿಲ್ಲಿಸುತ್ತಾರಲ್ಲ, ಅಲ್ಲಿ ಬಟ್ಟೆ ತಿರುಗಿಸುತ್ತಿದ್ದಾರೆ. ಈಗ ಮತ್ತೆ ಶುರುಮಾಡುತ್ತಾರೆ ನೋಡು."

ಶುರುವಾಯಿತು. ಅವಳು ನನ್ನ ಕೈಯಿಂದ ಮೊಬೈಲನ್ನು ತೆಗೆದುಕೊಂಡು ಕಿವಿಗೆ ಒತ್ತಿಕೊಂಡಳು. ನಾನು ಟಿಪ್ಪಣಿಯ ಪುಸ್ತಕ ತೆರೆದು 'ಯಾವುದೆಂದು ತಿಳಿಯದು' ಎಂಬುದನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಹಂಚುವುದಕ್ಕಲ್ಲ.'